ಎಲೆ ಹಿಡಿದ ಬೀದಿಯ ದೊಡ್ಡಮ್ಮ

ಹೋದ ವಾರ ಹಳೇ ಪೇಪರ್ ಹಾಕಲು ತುಮಕೂರಿನಲ್ಲಿ ನಮ್ಮ ಮನೆ ಹತ್ತಿರದ ಗುಜರಿ ಅಂಗಡಿಗೆ ಹೋಗಿದ್ದೆ. ಬಾಗಿಲ ಪಕ್ಕದಲ್ಲೇ ಹಳೆಯ ಡಬ್ಬಾ ಟೀವಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಬಿಸಿಲಿಗೆ ಕಾದ ಅವುಗಳ ಹಿಂಬದಿಯಿಂದ ಒಂದು ವಾಸನೆ ಬರುತ್ತಿತ್ತು. ಸೀದ ಧೂಳಿನ ವಾಸನೆ. ಬಹಳ ಹೊತ್ತು ಹಾಕಿಟ್ಟ ಟೀವಿಯಿಂದ ಬರುತ್ತಿತ್ತಲ್ಲ, ಅದೇ… ಬೇರೆಯವರಿಗೆ ಆ ವಾಸನೆಯಿಂದ ಬಾಲ್ಯವೋ ಭಾನುವಾರದ ಸಿನಿಮಾವೋ ನೆನಪಾಗುತ್ತದೆಯೇನೋ. ನನಗೆ ಮೈಯೆಲ್ಲ ಉರಿಯಿತು. ಒಂದಕ್ಕಾದರೂ ಒದ್ದು ಬರಬೇಕೆನ್ನಿಸಿತ್ತು. ಅಂಗಡಿಯವನ ಮುಖ ನೋಡಿ ಸುಮ್ಮನಾದೆ.

ನೆನಪಾದದ್ದು ಗುಬ್ಬಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ದೊಡ್ಡಮ್ಮ. ರಕ್ತಸಂಬಂಧವೇನೂ ಇರಲಿಲ್ಲ. ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ನಾವೂ ಎಂದೆವು. ಕುಳ್ಳಗಿನ ಆಳು, ಬಸ್‌ಸ್ಟ್ಯಾಂಡಿನವರೆಗೆ ಕೇಳುವಂಥ ದನಿ. ಅವರ ಯಜಮಾನರಿಗೆ ಮಾತು ಕಡಿಮೆ. ಆ ಮನೆಯ ಪಾಲಿನ ಮಾತನ್ನೆಲ್ಲ ದೊಡ್ಡಮ್ಮ ಒಬ್ಬರೇ ಆಡಿ ಮುಗಿಸುತ್ತಿದ್ದರು.

ಬೀದಿಯಲ್ಲಿ ಗಂಡ ಹೆಂಡತಿ ಜಗಳವಾಡಲಿ, ಅಣ್ಣ ತಮ್ಮ ಮುಖ ತಿರುಗಿಸಿಕೊಳ್ಳಲಿ, ಅತ್ತೆ ಸೊಸೆ ಬೇರೆ ಬೇರೆ ಒಲೆ ಹಚ್ಚಲಿ, ಸಾಯಂಕಾಲದ ಹೊತ್ತಿಗೆ ದೊಡ್ಡಮ್ಮ ಆ ಮನೆಯ ಜಗುಲಿಯ ಮೇಲೆ ಕುಳಿತಿರುತ್ತಿದ್ದರು. ಯಾರಾದರೂ ಅದನ್ನು ಪಂಚಾಯ್ತಿ ಎಂದರೆ ಅವರಿಗೆ ಸಿಟ್ಟು. "ಪಂಚಾಯ್ತಿ ಮಾಡೋಕೆ ಗಂಡಸ್ರವ್ರೆ. ನಾನು ಬಟ್ಟೆ ಹರ್ದಿದ್ರೆ ಹೊಲಿಗೆ ಹಾಕ್ತೀನಿ, ಅಷ್ಟೇಯ" ಎನ್ನುತ್ತಿದ್ದರು.

ಹೊಲಿಗೆ ಹಾಕುವ ಅವರ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಜಗಳವಾಡಿದ ಇಬ್ಬರನ್ನೂ ಮೊದಲು ಎದುರುಬದುರು ಕೂರಿಸುತ್ತಲೇ ಇರಲಿಲ್ಲ. ಹೆಂಡತಿಯನ್ನು ಅಡುಗೆಮನೆಯಲ್ಲಿ ಬಿಟ್ಟು, ಗಂಡನನ್ನು ಹಿತ್ತಿಲಿಗೆ ಅಟ್ಟಿ, ತಾವು ನಡುವೆ ಓಡಾಡುತ್ತಿದ್ದರು. "ನಿನ್ ಗಂಡ ಬೆಳಿಗ್ಗೆಯಿಂದ ಕಾಫಿ ಮುಟ್ಟಿಲ್ಲ ಕಣೇ, ಬಾಗ್ಲ ಕಡೆನೇ ನೋಡ್ತಾ ಕುಂತವ್ನೆ" ಎಂದು ಅವಳಿಗೆ ಹೇಳುವಾಗ ಆ ಮಹಾರಾಯ ಹಿತ್ತಿಲಲ್ಲಿ ಸೀಬೆಹಣ್ಣು ಕಿತ್ತು ತಿನ್ನುತ್ತಿರುತ್ತಿದ್ದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕು ಎನ್ನುತ್ತಾರಲ್ಲ. ಮದುವೆ ಉಳಿಸುವುದಕ್ಕೆ ಇನ್ನೂ ಹೆಚ್ಚು ಬೇಕಾಗುತ್ತದೆ ಎಂಬುದು ದೊಡ್ಡಮ್ಮನ ಲೆಕ್ಕ.

ಎಲ್ಲ ಸರಿಹೋದ ಮೇಲೆ ಕೊನೆಗೊಂದು ಶಾಸ್ತ್ರವಿತ್ತು. ದೊಡ್ಡಮ್ಮ ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು ಬರುತ್ತಿದ್ದರು. ಜಗಳವಾಡಿದ ಇಬ್ಬರೂ ಒಂದೇ ತಟ್ಟೆಯಿಂದ ಎಲೆ ತೆಗೆದುಕೊಳ್ಳಬೇಕು. ಆಮೇಲೆ ಜಗಳವನ್ನು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಅಕ್ಕಪಕ್ಕದವರೆಲ್ಲ ಒಂದೊಂದು ಎಲೆ ತೆಗೆದುಕೊಳ್ಳಬೇಕು. ಇದಕ್ಕೆ ಎಲೆ ಹಿಡಿಯುವುದು ಎನ್ನುತ್ತಿದ್ದರು. ಎಲೆ ಹಿಡಿದವರು ಆ ವಿಷಯವನ್ನು ಮತ್ತೆ ಎತ್ತುವ ಹಾಗಿಲ್ಲ. ಕೋಪದಲ್ಲೂ ಇಲ್ಲ, ತಮಾಷೆಗೂ ಇಲ್ಲ, ನಲ್ಲಿಯ ಹತ್ತಿರವೂ ಇಲ್ಲ. ನಮ್ಮ ಬೀದಿಯವರು ಬೇರೆ ವಿಷಯದಲ್ಲಿ ಹೇಗಾದರೂ ಇರಲಿ, ಈ ಮಾತನ್ನು ಮೀರಿದ್ದು ನಾನು ಕಂಡಿರಲಿಲ್ಲ. ನಮ್ಮಮ್ಮನಂಥ ನಮ್ಮಮ್ಮನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ದೊಡ್ಡಮ್ಮನಿಗೆ ಟೀವಿ ಕಂಡರೆ ಆಗುತ್ತಿರಲಿಲ್ಲ ಎಂದು ತಿಳಿಯಬೇಡಿ. ತೊಂಬತ್ತರ ದಶಕದ ಮೊದಲಲ್ಲಿ ಬೀದಿಗೆಲ್ಲ ಇದ್ದದ್ದು ಅವರ ಮನೆಯ ಟೀವಿಯೊಂದೇ. ನಾವೆಲ್ಲ ಅಲ್ಲೇ ನೆಲದ ಮೇಲೆ ಕೂರುತ್ತಿದ್ದೆವು. ಧಾರಾವಾಹಿಯ ಅತ್ತೆ ಸೊಸೆಯರಿಗೆ ದೊಡ್ಡಮ್ಮ ಕೂತಲ್ಲಿಂದಲೇ ಬುದ್ಧಿ ಹೇಳುತ್ತಿದ್ದರು. "ಈ ಮೂದೇವೀನ ಒಂದು ವಾರ ನನ್ ತಾವ ಬುಡ್ಲಿ, ದಾರಿಗೆ ತತ್ತೀನಿ" ಎನ್ನುತ್ತಿದ್ದರು. ಟೀವಿಯೊಳಗಿನವರು ತಮ್ಮ ಮಾತಿಗೆ ಕಾಯುತ್ತಿದ್ದಾರೆ ಎಂಬ ನಂಬಿಕೆ ಅವರಿಗೆ ಪೂರ್ತಿ ಇರಲಿಲ್ಲ, ಪೂರ್ತಿ ಇಲ್ಲದೆಯೂ ಇರಲಿಲ್ಲ… ಆಮೇಲೆ ಕೇಬಲ್ ಬಂತು. ಎಲ್ಲರ ಮನೆಗೂ ಟೀವಿ ಬಂತು. ಅವರವರು ಅವರವರ ಮನೆಯಲ್ಲಿ ಕೂತರು.

ನಾನು ಆಗ ದಿನಾ ಬೆಳಗಿನ ರೈಲಿಗೆ ತುಮಕೂರಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಒಂದು ಚಾನೆಲ್ಲಿನಲ್ಲಿ ಹೊಸ ಕಾರ್ಯಕ್ರಮ ಶುರುವಾಗಿತ್ತು. ಜಗಳವಾಡಿಕೊಂಡ ಗಂಡ ಹೆಂಡತಿಯರನ್ನು ಸ್ಟುಡಿಯೋಗೆ ಕರೆಸಿ ಎಲ್ಲರ ಮುಂದೆ ನ್ಯಾಯ ಹೇಳುವುದು. ನಡುವೆ ಒಬ್ಬ ನಿರೂಪಕಿ, ರೇಷ್ಮೆ ಸೀರೆ, ಹಣೆಗೆ ದೊಡ್ಡ ಬೊಟ್ಟು, ಕಣ್ಣಂಚಿನಲ್ಲಿ ಸದಾ ತಯಾರಾಗಿರುವ ನೀರು. ದೊಡ್ಡಮ್ಮನಿಗೆ ಅವಳು ಬಹಳ ಹಿಡಿಸಿದ್ದಳು. ತಮ್ಮದೇ ಕೆಲಸವನ್ನು ಓದಿದ ಹೆಣ್ಣುಮಗಳೊಬ್ಬಳು ರಾಜ್ಯಕ್ಕೆಲ್ಲ ಮಾಡುತ್ತಿದ್ದಾಳೆ ಎಂದುಕೊಂಡಿದ್ದರು.

ನಮ್ಮ ಮನೆಗೆ ಅಂಟಿಕೊಂಡ ಮನೆಯಲ್ಲಿ ಮೋಟಾರ್ ರಿಪೇರಿಯವನೊಬ್ಬನಿದ್ದ. ಚೇಳೂರು ರಸ್ತೆಯಲ್ಲಿ ಅವನ ಅಂಗಡಿ. ತೋಟಗಳ ಬೋರ್‌ವೆಲ್ ಮೋಟಾರ್ ಸುಟ್ಟರೆ ಮೇಲೆತ್ತಿ ಕಾಯಿಲ್ ಸುತ್ತಿ ಇಳಿಸುವ ಕೆಲಸ. ತಾಯಿಯಿಲ್ಲದ ಹುಡುಗ, ದೊಡ್ಡಮ್ಮನೇ ಓಡಾಡಿ ಕುಣಿಗಲ್ ಕಡೆಯಿಂದ ಹೆಣ್ಣು ತಂದಿದ್ದರು. ಆ ಹುಡುಗಿ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ನಮ್ಮ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೆ ಒಂದು ಗಂಟೆ ಮಾತಾಡಿ, ಮಜ್ಜಿಗೆ ಮರೆತು ಹೋಗುತ್ತಿದ್ದಳು.

ಜಗಳ ಎಷ್ಟು ಸಣ್ಣದೆಂದರೆ ಹೇಳಲೂ ನಾಚಿಕೆ. ಅವಳ ತಮ್ಮನ ಮದುವೆಯಾಯಿತು. ಬೀಗರೂಟದ ದಿನ ಇವನು ಹೋಗಲಿಲ್ಲ. ಸಿ.ಎಸ್. ಪುರದಲ್ಲಿ ಒಂದು ತೋಟದ ಮೋಟಾರ್ ಬೋರ್‌ವೆಲ್ಲಿನೊಳಗೇ ಸಿಕ್ಕಿಕೊಂಡಿತ್ತು, ಮೇಲೆತ್ತುತ್ತಾ ಕೂತ. ಬೀಗರೂಟಕ್ಕೆ ಮನೆಯ ಅಳಿಯನೇ ಬರಲಿಲ್ಲವೆಂದರೆ ನಮ್ಮ ಕಡೆ ಸಾಮಾನ್ಯ ಅವಮಾನವೇ? ಬಡಿಸುವಾಗ ಗಂಡ ಎಲ್ಲಿ ಎಂದು ಎಲ್ಲರೂ ಅವಳನ್ನೇ ಕೇಳಿದರಂತೆ. ಅವಳು ತವರಿನಲ್ಲೇ ಉಳಿದಳು, ಬಂದು ಕರೆದುಕೊಂಡು ಹೋಗಲಿ ಎಂದು. ಇವನು ತಾನಾಗಿ ಹೋದವಳು ತಾನಾಗಿ ಬರಲಿ ಎಂದ. ದೊಡ್ಡಮ್ಮ ಆಗ ಮಂಡಿನೋವಿಗೆ ಮಲಗಿದ್ದರು, ಕುಣಿಗಲ್‌ಗೆ ಬಸ್ಸು ಹತ್ತುವ ಹಾಗಿರಲಿಲ್ಲ. ದಿನ ಕಳೆಯಿತು. ತವರಿನಲ್ಲಿ ಕೂತು ಕೂತು ಬೇಸತ್ತ ಆ ಹುಡುಗಿ, ಟೀವಿಯ ಕೆಳಗೆ ಓಡುತ್ತಿದ್ದ ನಂಬರಿಗೆ ಫೋನ್ ಮಾಡಿಬಿಟ್ಟಳು.

ಚಾನೆಲ್ಲಿನವರು ಕಾರು ಕಳಿಸಿದರು. ಹುಡುಗನ ಕಡೆ ಹಿರಿಯರು ಬೇಕೆಂದಾಗ ದೊಡ್ಡಮ್ಮ ನೋವು ನುಂಗಿಕೊಂಡು ಹೊರಟರು. ಒಗೆದಿಟ್ಟ ಸೀರೆ, ಕೈಯಲ್ಲೊಂದು ಬ್ಯಾಗು. ಬ್ಯಾಗಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಅಡಿಕೆ, ಸಣ್ಣ ತಟ್ಟೆ. ನ್ಯಾಯ ಮುಗಿದ ಮೇಲೆ ಎಲೆ ಹಿಡಿಸಬೇಕಲ್ಲ, ಅಲ್ಲಿ ಬೆಂಗಳೂರಿನಲ್ಲಿ ಒಳ್ಳೆ ಎಲೆ ಸಿಗುತ್ತದೋ ಇಲ್ಲವೋ ಎಂದು.

ಅಲ್ಲಿ ನಡೆದದ್ದನ್ನು ದೊಡ್ಡಮ್ಮ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಅವನನ್ನು ಒಂದು ರೂಮಿನಲ್ಲಿ, ಅವಳನ್ನು ಒಂದು ರೂಮಿನಲ್ಲಿ ಕೂರಿಸಿದರಂತೆ. ಜುಟ್ಟು ಕಟ್ಟಿದ ಹುಡುಗನೊಬ್ಬ ಎರಡೂ ರೂಮಿನ ನಡುವೆ ಓಡಾಡುತ್ತಿದ್ದನಂತೆ. ದೊಡ್ಡಮ್ಮನಿಗೆ ನೋಡಿ ಸಂತೋಷವೇ ಆಯಿತು. ಕೆಲಸ ಬಲ್ಲವರು ಎಂದುಕೊಂಡರು. ಅವನು ಹೇಳಿದ್ದೇನೆಂದು ಗೊತ್ತಾದದ್ದು ಆಮೇಲೆ, ಅವರಿಬ್ಬರ ಬಾಯಿಂದ.

"ಅವ್ಳ ತಾವ ಹೋಗಿ, ಸಿ.ಎಸ್. ಪುರದಲ್ಲಿ ನಿನ್ ಗಂಡ ಯಾರನ್ನೋ ಇಟ್ಕಂಡವ್ನೆ, ಬೀಗರೂಟದ ದಿನ ಅಲ್ಲೇ ಇದ್ದ, ನಮಗೆ ಗೊತ್ತೈತೆ ಅಂದ ಕಣವ್ವ. ಇವನ ತಾವ ಬಂದು, ನೀನು ಗಂಡ್ಸೇ ಅಲ್ವಂತೆ, ಮಕ್ಕಳಾಗ್ದೆ ಇರೋದು ನಿನ್ನಿಂದ್ಲೇ ಅಂತ ನಿನ್ ಹೆಂಡ್ತಿ ಹೇಳ್ತಾವ್ಳೆ ಅಂದ. ನಾನು ಮಾಡೋ ಕೆಲ್ಸನೇ ಕಣವ್ವ ಅದು. ಅತ್ಲಿಂದಿತ್ಲಾಗೆ, ಇತ್ಲಿಂದತ್ಲಾಗೆ. ಆದ್ರೆ ಅವ್ನು ಹೊಲಿಗೆ ಬಿಚ್ತಾ ಇದ್ದ."

ಆಮೇಲಿನದು ನಾವೆಲ್ಲ ನೋಡಿದ್ದೇ. ನಮ್ಮ ಬೀದಿ ಟೀವಿಯಲ್ಲಿ ಬರುತ್ತದೆಂದು ಎಲ್ಲರೂ ಹಬ್ಬದ ಹಾಗೆ ಬೇಗ ಅಡುಗೆ ಮುಗಿಸಿ ಕಾದಿದ್ದರು. ದೀಪಗಳ ಕೆಳಗೆ ಆ ಹುಡುಗಿ ಸೆರಗು ಹಿಂಡುತ್ತಾ ನಿಂತಿದ್ದಳು. ಯಾರವಳು ಸಿ.ಎಸ್. ಪುರದವಳು ಎಂದು ಕೂಗಿದಳು. ಇವನು ಎದ್ದು ಬಂದು ಕೆನ್ನೆಗೆ ಹೊಡೆದ. ಆ ಹೊಡೆತವನ್ನು ನಿಧಾನಕ್ಕೆ, ಮತ್ತೆ ಮತ್ತೆ, ಢಣಢಣ ಸದ್ದಿನ ಜೊತೆ ತೋರಿಸಿದರು. ಕೆಳಗೆ ಕೆಂಪು ಪಟ್ಟಿಯಲ್ಲಿ ಮೋಟಾರ್ ಗಂಡನ ಮೋಸ ಎಂಬ ಅಕ್ಷರ. ನಿರೂಪಕಿಯ ಕಣ್ಣಲ್ಲಿ ನೀರು, ತಕ್ಷಣ ಜಾಹೀರಾತು. ಎಲೆ ಹಿಡಿದುಕೊಂಡು ನಡುವೆ ನುಗ್ಗಿದ ದೊಡ್ಡಮ್ಮನ ಮಾತು ಒಂದೂ ಇಲ್ಲ. ತೆರೆದ ಬಾಯಿ, ಜಾರಿದ ಸೆರಗು, ಅದಕ್ಕೊಂದು ನಗೆಪಾಟಲಿನ ಪೀಪಿ ಸದ್ದು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಇವರು ಮೊದಲು ಬೆಂಕಿಯನ್ನೂ ತಾವೇ ಇಟ್ಟಿದ್ದರು.

ಆ ಹುಡುಗಿ ಅಲ್ಲಿಂದಲೇ ತವರಿಗೆ ಹೋಗಿಬಿಟ್ಟಳು. ದೊಡ್ಡಮ್ಮ ಸೋಲಲಿಲ್ಲ. ಮೋಟಾರಿನವನನ್ನೂ ಬಿಡಲಿಲ್ಲ. "ರೂಮಲ್ಲಿ ಹೇಳ್ಕೊಟ್ಟೋರು ಅವ್ರು ಸರಿ. ಕೈ ಎತ್ತಿದ್ದು ಯಾರ್ಲಾ? ಟೀವೀನಾ ನೀನಾ?" ಎಂದು ಬೀದಿಯಲ್ಲೇ ನಿಲ್ಲಿಸಿ ಕೇಳಿದರು. ಮಂಡಿನೋವಿನಲ್ಲೇ ತುಮಕೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಕುಣಿಗಲ್‌ಗೆ ಎಷ್ಟೋ ಸಲ ಓಡಾಡಿದರು. ಈ ಸಲ ಒಂದು ಸುಳ್ಳೂ ಹೇಳಲಿಲ್ಲ. ಆ ಎರಡು ರೂಮಿನಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳಿದರು. ಇವನು ಅವಳ ಅಪ್ಪನ ಮುಂದೆ, ನೆಂಟರ ಮುಂದೆ ನಿಂತು ತಪ್ಪಾಯಿತೆಂದ. ಅವಳು ತಕ್ಷಣ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ. ಆದರೆ ಕೊನೆಗೊಂದು ದಿನ ಬಂದಳು.

ಅವತ್ತು ದೊಡ್ಡಮ್ಮನ ಜಗುಲಿಯ ಮೇಲೆ ಇಡೀ ಬೀದಿ ಸೇರಿತ್ತು. ಅವರಿಬ್ಬರೂ ಎಲೆ ತೆಗೆದುಕೊಂಡರು. ಆಮೇಲೆ ತಟ್ಟೆ ಮನೆಮನೆಯವರ ಮುಂದೆ ಬಂತು. ಟೀವಿಯಲ್ಲಿ ಎಲ್ಲರೂ ನೋಡಿದ್ದರಿಂದ ಎಲ್ಲರೂ ಹಿಡಿಯಲೇಬೇಕೆಂದು ದೊಡ್ಡಮ್ಮನ ಹಟ. ನಮ್ಮಮ್ಮ ಹಿಡಿದರು, ನಾನು ಹಿಡಿದೆ, ಕೇಬಲ್ಲಿನವನೂ ಹಿಡಿದ. "ಇಲ್ಲಿಗೆ ಮುಗೀತು ಕಣ್ರಪ್ಪ. ಇನ್ನು ಈ ಮಾತು ಯಾರೂ ಎತ್ತಂಗಿಲ್ಲ" ಎಂದರು ದೊಡ್ಡಮ್ಮ. ಯಾರೂ ಎತ್ತಲಿಲ್ಲ. ಆ ಹುಡುಗಿ ಮತ್ತೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬರತೊಡಗಿದಳು. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕಳು… ಅದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಆ ಚಾನೆಲ್ಲಿನವರು ಮರುಪ್ರಸಾರ ಎಂದರು.

ಜನ ಮೆಚ್ಚಿದ ಸಂಚಿಕೆ, ಭಾನುವಾರ ಮಧ್ಯಾಹ್ನ. ವಾರವಿಡೀ ಧಾರಾವಾಹಿಗಳ ನಡುವೆ ಅದರದೇ ತುಣುಕು, ಅದೇ ಕೆನ್ನೆ, ಅದೇ ಹೊಡೆತ. ದೊಡ್ಡಮ್ಮ ಕೇಬಲ್ಲಿನವನ ಹತ್ತಿರ ಹೋದರು. "ಒಂದು ಗಂಟೆ ಲೈನ್ ತೆಗ್ದುಬುಡಪ್ಪ. ಕಂಬದ ತಾವ ಏನೋ ಆಯ್ತು ಅನ್ನು" ಎಂದು ಬೇಡಿಕೊಂಡರು. ಗಿರಾಕಿಗಳು ಜಗಳಕ್ಕೆ ಬರುತ್ತಾರೆ ಎಂದ ಅವನು. ಒಂದು ಹನಿ ಮಳೆ ಬಿದ್ದರೆ ಮೂರು ದಿನ ಲೈನ್ ಕೊಡದ ಗಂಡು ಅವನು! ಮತ್ತೆ ದೊಡ್ಡಮ್ಮ ಮನೆಮನೆಗೆ ಹೋದರು. "ಭಾನುವಾರ ಅದೊಂದು ಹೊತ್ತು ಟೀವಿ ಹಾಕ್ಬ್ಯಾಡ್ರವ್ವ. ಎಲೆ ಹಿಡ್ದಿದೀರ" ಎಂದು ಪ್ರತಿ ಬಾಗಿಲಲ್ಲೂ ನಿಂತು ಹೇಳಿದರು. ಎಲ್ಲರೂ ಒಪ್ಪಿದರು. ಅಯ್ಯೋ ಅದೇನ್ ದೊಡ್ಡ ಮಾತು ದೊಡ್ಡಮ್ಮ, ಹಾಕಲ್ಲ ಬುಡಿ ಎಂದರು.

ಭಾನುವಾರ ಊಟವಾದ ಮೇಲೆ ನಾನು ದೊಡ್ಡಮ್ಮನ ಜಗುಲಿಯಲ್ಲಿ ಅವರ ಜೊತೆ ಕೂತಿದ್ದೆ. ನಮ್ಮ ಬೀದಿಯಲ್ಲಿ ಹಗಲು ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಅವತ್ತು ಒಂದೊಂದಾಗಿ ಬಾಗಿಲುಗಳು ಮುಚ್ಚಿಕೊಂಡವು. ಮರ್ಯಾದೆಗೆ ಇರಬೇಕು, ಸೌಂಡ್ ಕಡಿಮೆ ಇಟ್ಟಿದ್ದರು. ಒಂದೊಂದು ಮನೆಯಲ್ಲೂ ಕಡಿಮೆಯೇ. ಆದರೆ ಇಡೀ ಬೀದಿಯಲ್ಲಿ ಅದೇ ದನಿ ಒಟ್ಟಿಗೆ ಬಂದರೆ ಹೇಗಿರುತ್ತದೆ? ನಿರೂಪಕಿ ಎಲ್ಲ ಮನೆಯಿಂದಲೂ ಒಂದೇ ಸಲ ನಿಟ್ಟುಸಿರು ಬಿಟ್ಟಳು. ನಾನು ನಮ್ಮ ಮನೆಗೆ ಓಡಿದೆ. ನಮ್ಮಮ್ಮ ಟೀವಿಯ ಹತ್ತಿರಕ್ಕೆ ಮಣೆ ಎಳೆದುಕೊಂಡು ಕೂತಿದ್ದರು. ಪ್ಲಗ್ ಕಿತ್ತೆ. "ನಾವೇನ್ ಬಾಯಿ ಬಿಟ್ವಾ? ಟೀವೀಲಿ ಬತ್ತೈತೆ, ನೋಡ್ತಾ ಇದೀನಿ. ಅದ್ರಲ್ಲಿ ನಂದೇನ್ ತಪ್ಪು?" ಎಂದು ನನ್ನ ಮೇಲೇ ರೇಗಿದರು. ಅಷ್ಟರಲ್ಲಿ ಆಚೆ ಮನೆಯಿಂದ ಆ ಹೊಡೆತದ ಸದ್ದು ಬಂತು, ಅದರಾಚೆ ಮನೆಯಿಂದಲೂ ಬಂತು.

ಹೊರಗೆ ಬಂದಾಗ ಆ ಹುಡುಗಿ ಅವಳ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪಾತ್ರೆ ಉಜ್ಜುವ ನಾರು ಹಾಗೇ ಇತ್ತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮುಚ್ಚಿದ ಬಾಗಿಲುಗಳನ್ನು ನೋಡುತ್ತಾ ಪೂರ್ತಿ ಕೇಳಿಸಿಕೊಂಡಳು. ಅವಳದೇ ಕೂಗು, ಅವಳದೇ ಅಳು. ಆಮೇಲೆ ಒಳಗೆ ಹೋಗಿ ಬ್ಯಾಗು ತಂದಳು.

ಅವನು ಹಿಂದೆಯೇ ಬಂದ. "ಹೋಗ್ಬ್ಯಾಡ ಕಣೇ. ಈ ಊರೇ ಬ್ಯಾಡ, ಅಂಗ್ಡಿ ಕಿತ್ತಾಕ್ತೀನಿ, ಬೇರೆ ಊರಿಗೆ ಹೋಗಣ" ಎಂದ.

"ಟೀವಿ ಇಲ್ದಿರೋ ಊರು ಯಾವ್ದೈತೆ ಹೇಳು, ಬತ್ತೀನಿ" ಎಂದಳು ಅವಳು.

ದೊಡ್ಡಮ್ಮ ಕುಂಟುತ್ತಾ ಅವಳ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದರು. ಇರಲೇಬೇಕು ಎಂದು ಒಂದು ಮಾತೂ ಹೇಳಲಿಲ್ಲ. ಬ್ಯಾಗು ಮಾತ್ರ ತಾವು ಹಿಡಿದುಕೊಂಡರು.

ಸಾಯಂಕಾಲ ಬಾಗಿಲು ತೆರೆದ ಮೇಲೆ ಒಬ್ಬೊಬ್ಬರೇ ಬಂದು ನಮ್ಮಮ್ಮನ ಮಾತನ್ನೇ ಹೇಳಿದರು. ನಾವು ಬಾಯಿ ಬಿಟ್ಟಿಲ್ಲ, ನೋಡಿದ್ದಷ್ಟೇ. ಇದು ನನಗೆ ಇವತ್ತಿಗೂ ಅರಗದ ಮಾತು. ಕದ್ದು ಕಿಟಕಿಯಿಂದ ಇಣುಕಿದರೆ ತಪ್ಪೆಂದು ಗೊತ್ತಿದ್ದ ಜನ ಅವರು. ಬೇರೆಯವರ ಮನೆಯೊಳಗೆ ದನಿ ಏರಿದರೆ ಕೆಮ್ಮಿ ಸದ್ದು ಮಾಡಿ ದಾಟಿ ಹೋಗುತ್ತಿದ್ದ ಜನ. ಅದೇ ಕಿಟಕಿಗೆ ಗಾಜು ಹಾಕಿ ಕರೆಂಟು ಕೊಟ್ಟ ಕೂಡಲೇ ಇಣುಕುವುದು ನೋಡುವುದಾಗಿಬಿಟ್ಟಿತು. ನೋಡುವುದರಲ್ಲಿ ತಪ್ಪೇನು ಎಂದು ಎದೆ ತಟ್ಟಿಕೊಂಡು ಕೇಳುವಷ್ಟು ಧೈರ್ಯ ಇವರಿಗೆ ಎಲ್ಲಿಂದ ಬಂತು? ಆ ನಿರೂಪಕಿಯ ಮೇಲೆ ನನಗೆ ಸಿಟ್ಟಿದೆ, ಜುಟ್ಟಿನ ಹುಡುಗನ ಮೇಲೆ ಇದೆ. ಆದರೆ ಅವರು ಎಲೆ ಹಿಡಿದವರಲ್ಲ.

ದೊಡ್ಡಮ್ಮ ಯಾರಿಗೂ ಬೈಯಲಿಲ್ಲ. ಅಷ್ಟು ದೊಡ್ಡ ದನಿಯವರು ಮೆಲ್ಲಗೆ ಹೇಳಿದರು: "ಕಣ್ಣಿಗೂ ಎಲೆ ಹಿಡಿಸ್ಬೇಕಿತ್ತು. ನನಗೆ ಹೊಳೀಲಿಲ್ಲ."

ಆಮೇಲೆ ಅವರು ಯಾರ ಜಗುಲಿಗೂ ಹೋಗಲಿಲ್ಲ. ಜಗಳವೆಂದು ಯಾರಾದರೂ ಹುಡುಕಿಕೊಂಡು ಬಂದರೆ "ಟೀವಿಗೆ ಫೋನ್ ಮಾಡ್ಕಳಿ, ನಂಬರ್ ಬತ್ತೈತೆ ಕೆಳಗೆ" ಎಂದು ಒಳಗೆ ಎದ್ದು ಹೋಗುತ್ತಿದ್ದರು. ಮೋಟಾರಿನವನು ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ನಾನು ಮದುವೆಯಾಗಿ ತುಮಕೂರಿಗೆ ಬಂದೆ. ಊರಿಗೆ ಹೋದಾಗ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ, ಅವರು ಸುಮ್ಮನೆ ನನ್ನ ಕೈ ಹಿಡಿದುಕೊಂಡು ಕೂತಿರುತ್ತಿದ್ದರು. ಅವರು ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಮುಖ ನೋಡಲು ಆಗಲಿಲ್ಲ. ಅಂಥ ಮನುಷ್ಯರು ಇನ್ನು ಹುಟ್ಟುವುದಿಲ್ಲ ಎಂದು ನಮ್ಮಮ್ಮ ಅತ್ತರು. ನನಗೆ ಅಳುವಿಗಿಂತ ಹೆಚ್ಚಾಗಿ ಕೋಪ ಬಂದಿತ್ತು.

ಆ ಹುಡುಗಿಯನ್ನು ಕೆಲವು ವರ್ಷಗಳ ಹಿಂದೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಹೊಲಿಗೆ ಅಂಗಡಿ ಇಟ್ಟಿದ್ದಾಳಂತೆ. ಮತ್ತೊಂದು ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ. ಚೆನ್ನಾಗಿದ್ದೀನಕ್ಕ ಎಂದಳು. ಗುಬ್ಬಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ನನ್ನ ಜೊತೆ ಕೆಲಸ ಮಾಡುವ ಹೆಂಗಸೊಬ್ಬರು ನಗುತ್ತಾ ಫೋನ್ ಮುಂದೆ ಹಿಡಿದರು. ಹಳೇ ಟೀವಿ ಕಾರ್ಯಕ್ರಮದ ತುಣುಕಂತೆ, ಯಾವುದೋ ಗ್ರೂಪಿನಲ್ಲಿ ಬಂದಿತ್ತಂತೆ. ಹೊಡೆತದ ಸದ್ದಿಗೆ ಯಾರೋ ಕುಣಿಯುವ ಹಾಡು ಸೇರಿಸಿದ್ದರು. ದೊಡ್ಡಮ್ಮ ಬಾಯಿ ತೆರೆದು ಓಡಿ ಬರುವುದು, ಹಿಂದಕ್ಕೆ ಹೋಗುವುದು, ಮತ್ತೆ ಓಡಿ ಬರುವುದು. ಸುತ್ತ ಕೂತವರೆಲ್ಲ ನಕ್ಕರು. ಆರಿಸಿ ಎಂದೆ. ನನ್ನ ದನಿ ಕೇಳಿ ಅವರು ಬೆಚ್ಚಿದರು.

"ಯಾಕ್ರೀ ಹಿಂಗಾಡ್ತೀರ? ಎಷ್ಟೋ ವರ್ಷದ ಹಿಂದಿಂದು. ಅವ್ರೆಲ್ಲ ಯಾರೋ ಏನೋ, ಎಲ್ಲ ಮುಗ್ದು ಹೋಗಿರುತ್ತೆ ಬಿಡ್ರಿ" ಎಂದರು.

ಮುಗಿದಿಲ್ಲ ಎಂದೆ. ಏಟು ತಿಂದವಳು ಇಲ್ಲೇ ಕುಣಿಗಲ್‌ನಲ್ಲಿದ್ದಾಳೆ, ಅವಳ ಮಗಳು ಈ ವರ್ಷ ಕಾಲೇಜಿಗೆ ಸೇರಿರಬಹುದು, ಅವಳ ಕೈಯಲ್ಲೂ ಫೋನಿರುತ್ತದೆ ಎಂದೆ.